ಚರಟದ ಹುಳಿ ಎಲ್ಲಿ ಹೋಯಿತು?

ಡಿಕಾಕ್ಷನ್ ಇಳಿಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟವನ್ನು ಹುಳಿಮಣ್ಣು ಬಯಸುವ ಗಿಡಗಳ ಬುಡಕ್ಕೆ ಹಾಕಬೇಕೆಂಬ ಸಲಹೆ ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಕೇಪಳ, ಹೈಡ್ರೇಂಜಿಯಾ, ಅಜೇಲಿಯಾ ಇಂಥ ಪೊದೆಗಳು. ಕಾಫಿ ಹುಳಿಯಾದ್ದರಿಂದ ಚರಟವೂ ಮಣ್ಣನ್ನು ಹುಳಿಯಾಗಿಸೀತು ಎಂಬುದು ಇದರ ಹಿಂದಿನ ತರ್ಕ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿರುವ ಕೊಡೇಕಲ್‌ನ ಎರೆ ಮಣ್ಣಿನಲ್ಲಿ ಈ ತರ್ಕ ನಿಲ್ಲುವುದಿಲ್ಲ. ಕಾರಣ ತಿಳಿಯಲು ಮಳೆಯ ಇತಿಹಾಸವನ್ನೇ ನೋಡಬೇಕು.

ಕಾಫಿ ಗಿಡವೂ ತುಸು ಹುಳಿಮಣ್ಣನ್ನೇ ಬಯಸುವ ಪೊದೆ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬುದು ಐತಿಹ್ಯ. ಆ ಬೆಟ್ಟಗಳ ಮೇಲೆ ಸಾವಿರಾರು ವರ್ಷ ಸುರಿದ ಭಾರೀ ಮಳೆ ಮಣ್ಣಿನ ಸುಣ್ಣವನ್ನು ತೊಳೆದು ಹೊಳೆಗೆ ಸೇರಿಸಿದೆ. ಉಳಿದದ್ದು ಹುಳಿಮಣ್ಣು. ಅಲ್ಲಿ ಹುಳಿ ಮಿತಿಮೀರಿದಾಗ ಬೆಳೆಗಾರರು ಮಣ್ಣು ಪರೀಕ್ಷಿಸಿ ಸುಣ್ಣ ಹಾಕುತ್ತಾರೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಇಂಥ ತೋಟಗಳ ನಡುವೆಯೇ ಬೆಳೆಯಿತು.

ಕೊಡೇಕಲ್ ಬಸವಣ್ಣನವರ ಹೆಸರಿನಿಂದ ಪ್ರಸಿದ್ಧವಾದ ಈ ಕೃಷ್ಣಾ ತೀರದ ಸೀಮೆಯ ಕಥೆ ಬೇರೆ. ಇಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಸುಣ್ಣ ಹೊಳೆಗೆ ಹರಿಯದೆ ಹರಳುಗಳಾಗಿ ನೆಲದಲ್ಲೇ ಕೂತಿದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಬೇರಿಗೆ ಸುಲಭವಾಗಿ ದಕ್ಕದು. ಆದ್ದರಿಂದಲೇ ಕೇಪಳದ ಎಳೆ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು ಹಳದಿಯಾಗುತ್ತವೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ, ನೀರು ಬಸಿದುಹೋಗದ ಕಡೆ ಸವಳಿನ ಕಾಟವೂ ಸೇರಿಕೊಂಡಿತು.

ಇಲ್ಲಿ ಚರಟ ಏನು ಮಾಡೀತು? ಒಂದು ಚದರ ಮೀಟರ್ ನೆಲದಲ್ಲಿ 15 ಸೆಂಟಿಮೀಟರ್ ಆಳದವರೆಗೆ ಸುಮಾರು 200 ಕಿಲೋ ಮಣ್ಣಿರುತ್ತದೆ. ಅದರಲ್ಲಿ ಶೇಕಡಾ 5ರಷ್ಟು ಸುಣ್ಣಾಂಶವಿದೆ ಎಂದಿಟ್ಟುಕೊಂಡರೂ 10 ಕಿಲೋ ಆಯಿತು. ಇದನ್ನು ಮಣಿಸಲು ಮನೆಯ ಚರಟಕ್ಕೆ ಶಕ್ತಿಯಿಲ್ಲ. ಮೇಲಾಗಿ, ಕಾಫಿಯ ಹುಳಿ ಬಹುಪಾಲು ನೀರಿನಲ್ಲಿ ಕರಗುವಂಥದು. ಅದು ಡಿಕಾಕ್ಷನ್ ಜೊತೆಗೆ ಲೋಟಕ್ಕೆ ಇಳಿದಿರುತ್ತದೆ. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೊರೆನ್‌ಸೆನ್ 1909ರಲ್ಲಿ ರೂಪಿಸಿದ ಪಿಎಚ್ ಮಾನದಲ್ಲಿ 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಬಳಸಿದ ಚರಟವನ್ನು ಅಳೆದಾಗ ಕೆಲವು ಹುಳಿ, ಕೆಲವು ತಟಸ್ಥ, ಇನ್ನು ಕೆಲವು ತುಸು ಕ್ಷಾರವಾಗಿಯೂ ಕಂಡಿವೆ.

ಹಾಗೆಂದು ಚರಟವನ್ನು ಎಸೆಯಬೇಕಾಗಿಲ್ಲ. ಅದರಲ್ಲಿ ಶೇಕಡಾ 2ರಷ್ಟು ಸಾರಜನಕವಿದೆ. ಒಣ ಎಲೆ, ಸಗಣಿಯೊಡನೆ ತಿಪ್ಪೆಗೆ ಸೇರಿಸಿದರೆ ಒಳ್ಳೆಯ ಗೊಬ್ಬರ. ಈ ಸೀಮೆಯ ಮನೆಗಳಲ್ಲಿ ಚಹಾ ಸೋಸಿದ ಪುಡಿಯನ್ನೂ ಹಾಗೆಯೇ ಬಳಸಬಹುದು. ಬುಡಕ್ಕೆ ನೇರವಾಗಿ ದಪ್ಪವಾಗಿ ಸುರಿದರೆ ಮಾತ್ರ ಒಣಗಿ ಹೆಪ್ಪುಗಟ್ಟಿ ನೀರನ್ನು ತಡೆಯುತ್ತದೆ. ಹಸಿ ಚರಟ ಬೀಜ ಮೊಳೆಯುವುದಕ್ಕೂ ಅಡ್ಡಿಯಾಗಬಲ್ಲದು.

ಎರೆ ನೆಲದಲ್ಲಿ ಕೇಪಳವೇ ಬೇಕೆಂದರೆ ಕೆಂಪು ಮಣ್ಣು, ಎಲೆಗೊಬ್ಬರ ತುಂಬಿದ ಕುಂಡದಲ್ಲಿಟ್ಟು, ಹಿಡಿದಿಟ್ಟ ಮಳೆನೀರು ಕೊಡುವುದು ಲೇಸು. ನೆಲದಲ್ಲೇ ನೆಡುವುದಾದರೆ ಸುಣ್ಣಕ್ಕೆ ಅಂಜದ ಕಣಗಿಲೆ ಇದೆ. ಮಲೆನಾಡಿನ ಮಳೆ ಸಾವಿರಾರು ವರ್ಷ ಮಾಡಿದ ಕೆಲಸವನ್ನು ಕೊಡೇಕಲ್‌ನ ಅಂಗಳದಲ್ಲಿ ಒಂದು ಹಿಡಿ ಚರಟದಿಂದ ನಿರೀಕ್ಷಿಸಬಾರದು.