ಮೌನದಿಂದ ಕೊಲ್ಲುವ ಕ್ರಿಯಾಪದ

ಒಲ್ಲೆನೆಂಬ ಮಾತು ಎಲ್ಲ ಭಾಷೆಗಳಲ್ಲೂ ಇದೆ. ಯಾರೆದುರು, ಯಾವ ದನಿಯಲ್ಲಿ ಒಲ್ಲೆನೆನ್ನಬೇಕೆಂಬುದನ್ನು ಮಾತ್ರ ಪ್ರತಿಯೊಂದು ಭಾಷೆಯೂ ತನ್ನದೇ ಬಗೆಯಲ್ಲಿ ವಿಂಗಡಿಸಿಕೊಂಡಿದೆ. ವಿರೋಧಿಸುವುದು, ಎದುರಾಡುವುದು, ನಿರಾಕರಿಸುವುದು, ಕಡೆಗಣಿಸುವುದು ಒಂದೇ ಅಲ್ಲವೆಂದು ಕನ್ನಡಿಗರಾದ ನಾವು ಬಲ್ಲೆವು. ಜಪಾನೀ ಭಾಷೆಯಲ್ಲಿಯೂ ಹೀಗೆಯೇ. ಅಭಿಪ್ರಾಯಕ್ಕೋ ಯೋಜನೆಗೋ ಭಿನ್ನಮತ ಸೂಚಿಸುವುದು ‘ಹಂತಾಯ್ ಸುರು’. ಹೆತ್ತವರ ಮಾತಿಗೆ, ಹೊಳೆಯ ಸೆಳವಿಗೆ ಎದುರಾಗಿ ನಡೆಯುವುದು ‘ಸಕರಾವು’. ಬಲಕ್ಕೆ ಬಲವೊಡ್ಡಿ ನಿಲ್ಲುವುದು ‘ತೇಯ್ಕೋ ಸುರು’. ಆಹ್ವಾನವನ್ನು ಒಲ್ಲೆನೆನ್ನುವುದು ‘ಕೊತೊವರು’. ಬೇಡಿಕೆಯನ್ನು ಖಂಡಿತವಾಗಿ ತಳ್ಳಿಹಾಕುವುದು ‘ಕ್ಯೊಹಿ ಸುರು’. ಮೊದಲ ಮೂರಕ್ಕೆ ನಮ್ಮ ‘ಗೆ’, ‘ಕ್ಕೆ’ಗಳಂಥ ಪ್ರತ್ಯಯ, ಉಳಿದೆರಡಕ್ಕೆ ‘ಅನ್ನು’ವಿನಂಥ ಪ್ರತ್ಯಯ ಸೇರುವುದನ್ನು ಕಂಡಾಗ ಕನ್ನಡಿಗನಿಗೆ ಆ ವ್ಯಾಕರಣ ಅಷ್ಟೇನೂ ಅಪರಿಚಿತವೆನಿಸದು.

ಈ ಸಾಲಿಗೆ ಸೇರಬೇಕಾದ ಇನ್ನೊಂದು ಕ್ರಿಯಾಪದ ‘ಮೊಕುಸಾತ್ಸು ಸುರು’. ‘ಮೊಕು’ ಎಂದರೆ ಮೌನ, ‘ಸಾತ್ಸು’ ಎಂದರೆ ಕೊಲೆ. ಮೌನದಿಂದಲೇ ಕೊಲ್ಲುವುದು, ಎಂದರೆ ಉತ್ತರಕ್ಕೂ ಯೋಗ್ಯವಲ್ಲವೆಂಬಂತೆ ಉಪೇಕ್ಷಿಸುವುದು.

1945ರ ಜುಲೈ 26ರಂದು ಅಮೆರಿಕ, ಬ್ರಿಟನ್ ಮತ್ತು ಚೀನಾ ಪಾಟ್ಸ್‌ಡ್ಯಾಮ್ ಘೋಷಣೆಯನ್ನು ಹೊರಡಿಸಿದವು. ಜಪಾನಿನ ಸೇನೆ ಬೇಷರತ್ತಾಗಿ ಶರಣಾಗಬೇಕು, ಇಲ್ಲವಾದರೆ ಸರ್ವನಾಶವೆಂಬುದು ಅದರ ಸಾರ. ಚಕ್ರವರ್ತಿಯ ಮುಂದಿನ ಸ್ಥಾನಮಾನದ ಮಾತೇ ಅದರಲ್ಲಿರಲಿಲ್ಲ. ವಿದೇಶಾಂಗ ಸಚಿವ ಶಿಗೆನೊರಿ ತೊಗೊ ಅವರು ಸೋವಿಯತ್ ಒಕ್ಕೂಟದ ಮಧ್ಯಸ್ಥಿಕೆಯನ್ನು ನಿರೀಕ್ಷಿಸುತ್ತಿದ್ದರು. ಅಲ್ಲಿಯವರೆಗೆ ಒಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ಸೂಚಿಸದೆ ಕಾಯುವುದೇ ಲೇಸೆಂಬುದು ಅವರ ನಿಲುವು. ಸೇನಾನಾಯಕರಿಗೆ ಈ ಮೌನ ಸಾಲದಾಯಿತು. ಜುಲೈ 28ರಂದು ಎಪ್ಪತ್ತೇಳರ ವಯಸ್ಸಿನ ಪ್ರಧಾನಿ ಕಂತಾರೊ ಸುಜುಕಿ ಪತ್ರಕರ್ತರೆದುರು, ಆ ಘೋಷಣೆಗೆ ಹೆಚ್ಚಿನ ಬೆಲೆಯಿಲ್ಲ, ಅದನ್ನು ‘ಮೊಕುಸಾತ್ಸು’ ಮಾಡುತ್ತೇವೆ ಎಂಬರ್ಥದ ಮಾತನ್ನಾಡಿದರು. ಜಪಾನ್ ನಿರಾಕರಿಸಿತೆಂದು ಅಮೆರಿಕದ ಪತ್ರಿಕೆಗಳು ಬರೆದವು. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಾಸಾಕಿ ಸುಟ್ಟವು.

ಸುಜುಕಿಯವರ ಮನಸ್ಸಿನಲ್ಲಿದ್ದುದು ‘ಸದ್ಯಕ್ಕೆ ಏನನ್ನೂ ಹೇಳುವುದಿಲ್ಲ’ ಎಂಬ ಅರ್ಥ, ಅನುವಾದಕರು ಅದನ್ನು ಕೆಡಿಸಿದರು, ಒಂದು ಪದದ ತಪ್ಪಿಗೆ ಎರಡು ನಗರಗಳು ಬೂದಿಯಾದವು ಎಂಬ ಕಥೆ ಅಂದಿನಿಂದ ಪ್ರಚಾರದಲ್ಲಿದೆ. ಭಾಷೆಗಳ ನಡುವೆ ಬಾಳುವ ನಮ್ಮಂಥವರಿಗೆ ಇದು ಬಹಳ ಹಿಡಿಸುವ ಕಥೆ. ಪದಕ್ಕೆ ಅಷ್ಟು ಶಕ್ತಿಯಿದೆಯೆಂದು ನಂಬಲು ನಮಗೆ ಇಷ್ಟ. ಆದರೆ ಕಾಲಾನುಕ್ರಮ ಬೇರೆಯನ್ನೇ ಹೇಳುತ್ತದೆ. ಆಗಸ್ಟ್ 3ರ ಸುಮಾರಿನಿಂದ, ಹವಾಮಾನ ಅನುಕೂಲಿಸಿದೊಡನೆ ಬಾಂಬ್ ಹಾಕಬೇಕೆಂಬ ಲಿಖಿತ ಆದೇಶ ಜುಲೈ 25ರಂದೇ, ಎಂದರೆ ಘೋಷಣೆಗೂ ಒಂದು ದಿನ ಮೊದಲೇ ಹೊರಟಿತ್ತು. ಒಪ್ಪಿಗೆಯ ಸ್ಪಷ್ಟ ಮಾತೊಂದೇ ಅದನ್ನು ತಡೆಯಬಹುದಾಗಿತ್ತು. ಅಂಥ ಮಾತಿಗೆ ಟೋಕಿಯೊದ ಮಂತ್ರಿಮಂಡಲದಲ್ಲಿ ಒಮ್ಮತವಿರಲಿಲ್ಲ. ಯುದ್ಧವನ್ನು ಮುಂದುವರಿಸುವುದಾಗಿಯೂ ಸುಜುಕಿ ಅದೇ ಉತ್ತರದಲ್ಲಿ ಹೇಳಿದ್ದರು. ಹೀಗಿರುವಾಗ ನಿರಾಕರಣೆಯೆಂಬ ಅನುವಾದವನ್ನು ಪೂರ್ತಿ ತಪ್ಪೆನ್ನುವುದು ಕಷ್ಟ.

ಹಾಗಾದರೆ ಪದದ ಆಯ್ಕೆಗೆ ಬೆಲೆಯೇ ಇಲ್ಲವೆ? ಇದೆಯೆಂದೇ ನಾವು ಭಾವಿಸುತ್ತೇವೆ. ತೊಗೊ ಬಯಸಿದ್ದು ಕಾಯುವ ಮೌನ. ಸುಜುಕಿಯವರ ಕ್ರಿಯಾಪದ ಸಾರಿದ್ದು ತಿರಸ್ಕಾರದ ಮೌನ. ಮನೆಯೊಳಗೆ ಸೇನಾನಾಯಕರಿಗೆ ಸಮಾಧಾನ ಹೇಳಲು ಆರಿಸಿದ ಮಾತು ಹೊರಗಿನ ಜಗತ್ತಿಗೂ ಕೇಳಿಸಿತು. ಆ ಮಾತು ಬಾಂಬನ್ನು ತರಲಿಲ್ಲ. ಆದರೆ ಉಳಿದಿದ್ದ ಕಿರುಬಾಗಿಲೊಂದನ್ನು ಮುಚ್ಚಿತು. ದೋಷವನ್ನೆಲ್ಲ ಪದದ ಮೇಲೆ ಹೊರಿಸಿದರೆ, ಆದೇಶಕ್ಕೆ ಸಹಿ ಹಾಕಿದವರೂ ಶರಣಾಗತಿಯನ್ನು ಮುಂದೂಡಿದವರೂ ಹೊಣೆಯಿಂದ ಸುಲಭವಾಗಿ ಪಾರಾಗುತ್ತಾರೆ. ಅನುವಾದಕನನ್ನು ದೂರುವ ಮುನ್ನ ದಿನಾಂಕಗಳನ್ನು ಒಮ್ಮೆ ನೋಡುವುದು ಒಳಿತು.