ಬಿಡಾರದ ಆಯ್ಕೆ

ಓದು ಮುಗಿಸಿ, ನೌಕರಿಯ ಆಜ್ಞಾಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಹಾಸಿಗೆಯ ಸುರುಳಿಯೊಡನೆ ಮಹಾನಗರದ ನಿಲ್ದಾಣದಲ್ಲಿ ಇಳಿಯುವ ಒಂಟಿ ತರುಣನಿಗೆ ಮೊದಲು ಎದುರಾಗುವ ಪ್ರಶ್ನೆ ಬಿಡಾರದ್ದು. ಯಾವ ಕೇರಿಯಲ್ಲಿರಬೇಕು? ಊಟ ಎಲ್ಲಿ? ಮದುವೆಯಾಗದವನಿಗೆ ಮನೆ ಕೊಡುವವರು ಯಾರು? ಇತಿಹಾಸಕ್ಕೆ ಇವು ಅಲ್ಪವಾದ ಪ್ರಶ್ನೆಗಳೆಂದು ತೋರಬಹುದು. ಆದರೆ ರೈಲು ಬಂದದ್ದು, ಪ್ಲೇಗು ಬಂದದ್ದು, ಬಾಡಿಗೆಯ ಕಾಯಿದೆ ಬಂದದ್ದು, ರಾಜ್ಯಗಳ ಎಲ್ಲೆ ಬದಲಾದದ್ದು, ಇವೆಲ್ಲವೂ ಸೇರಿ ಆ ಸುರುಳಿಯನ್ನು ಎಲ್ಲಿ ಬಿಚ್ಚಬೇಕೆಂಬುದನ್ನು ನಿರ್ಣಯಿಸಿದುವು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ತರುಣರನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಸ್ವಲ್ಪ ವಿಚಾರಿಸೋಣ.

ಈ ಊರುಗಳು ಒಂದಕ್ಕೊಂದು ದೂರವಿಲ್ಲ. ಭಾಷೆ ಒಂದು, ಜೋಳದ ರೊಟ್ಟಿ ಒಂದು, ಹತ್ತಿಯ ಹೊಲಗಳೂ ಒಂದೇ ತೆರನಾದುವು. ಆದರೂ 1948ರ ವರೆಗೆ ಇವುಗಳ ಮೇಲೆ ಮೂರು ಆಡಳಿತಗಳಿದ್ದುವು. ಗದಗವೂ ಮುಂಡರಗಿಯೂ ಮುಂಬಯಿ ಸರ್ಕಾರದ ಧಾರವಾಡ ಜಿಲ್ಲೆಗೆ ಸೇರಿದ್ದುವು; ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು; ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳಿರುವ ಸ್ಥಳಗಳನ್ನು ಹೆಸರಿಸುವಾಗ ಈ ಊರನ್ನೂ ಹೇಳಿದೆ. ಅಂತಹ ಊರಿನ ತರುಣನು ತನ್ನ ಸಂಸ್ಥಾನದ ರಾಜಧಾನಿಗೆ ಹೋದರೂ, ಮುಂಬಯಿಗೇ ಹೋದರೂ, ಕೊಠಡಿಯನ್ನು ಮರಾಠಿಯಲ್ಲಿಯೇ ಕೇಳಬೇಕಾಗಿತ್ತು.

ಅವನನ್ನು ಅಷ್ಟು ದೂರ ಎಳೆದೊಯ್ದ ಸಾಧನವು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿ, ಬಳ್ಳಾರಿ, ಬಿಜಾಪುರಗಳ ದಾರಿಗಳನ್ನು ಗದಗಿನಲ್ಲಿ ಕೂಡಿಸಿದರು. ಹತ್ತಿಯನ್ನು ಸಾಗಿಸಲು ಹಾಕಿದ ಆ ಹಳಿಗಳ ಮೇಲೆಯೇ ಓದಿದ ಹುಡುಗರೂ ಸಾಗಿದರು. ಲಕ್ಷ್ಮೇಶ್ವರದವರು ಯಲವಿಗಿಗೆ, ಮುಂಡರಗಿಯವರು ಗದಗಿಗೆ ಗಾಡಿ ಕಟ್ಟಿಸಿಕೊಂಡು ಬಂದು ರೈಲು ಹಿಡಿಯುತ್ತಿದ್ದರು. ಬಿಜಾಪುರದ ದಾರಿಯಲ್ಲಿ ಹೋದವನು ಸೊಲ್ಲಾಪುರದ ಬಳಿಯ ಹೋಟಗಿಯಲ್ಲಿಯೂ, ಮಿರಜದ ದಾರಿಯಲ್ಲಿ ಹೋದವನು ಪುಣೆಯಲ್ಲಿಯೂ ಕಿರಿಹಳಿಯ ಗಾಡಿಯಿಂದಿಳಿದು ಅಗಲಹಳಿಯ ಗಾಡಿಯನ್ನು ಏರಬೇಕಾಗಿತ್ತು. ಉಚ್ಚ ನ್ಯಾಯಾಲಯ, ಸಚಿವಾಲಯ, 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ ಎಲ್ಲವೂ ಮುಂಬಯಿಯಲ್ಲಿದ್ದುವು. ಆದಕಾರಣ ಊರಿನ ಆಯ್ಕೆಯಲ್ಲಿ ತರುಣನ ಇಚ್ಛೆಗೆ ಹೆಚ್ಚು ಎಡೆಯಿರಲಿಲ್ಲ. ಕೇರಿಯ ಆಯ್ಕೆಯಾದರೂ ಅವನ ಕೈಯಲ್ಲಿತ್ತೆ?

ಮುಂಬಯಿಯ ಮಧ್ಯಮ ವರ್ಗದವರ ಹಳೆಯ ನೆಲೆ ಗಿರಗಾಂವ. ಅಲ್ಲಿನ ಚಾಳಿನಲ್ಲಿ ಉದ್ದವಾದ ಒಂದು ಪಡಸಾಲೆ, ಅದರ ಪಕ್ಕಕ್ಕೆ ಸಾಲಾಗಿ ಕೊಠಡಿಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಒಂದು ಕೊಠಡಿಯಲ್ಲಿ ಹಲವರು ಮಲಗಿ, ಖಾನಾವಳಿಯಲ್ಲಿ ಉಂಡು ತಿಂಗಳಿಗೊಮ್ಮೆ ಲೆಕ್ಕ ತೀರಿಸುವುದು ಒಂಟಿ ನೌಕರನ ಕ್ರಮ. 1896ರಲ್ಲಿ ಪ್ಲೇಗು ಬಂದು ಈ ಇಕ್ಕಟ್ಟಿನ ಅಪಾಯವನ್ನು ಜಗಜ್ಜಾಹೀರು ಮಾಡಿತು. 1898ರಲ್ಲಿ ಸರ್ಕಾರವು ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಅದು ಗಾಳಿಬೆಳಕಿಗಾಗಿ ಹೊಸ ಬೀದಿಗಳನ್ನು ಕಡಿಯಿತು. ಉತ್ತರದ ಕಡೆಗೆ ದಾದರ, ಮಾಟುಂಗಾ ಬಡಾವಣೆಗಳನ್ನು ಹಾಕಿತು. ಮಾಟುಂಗಾ ಕ್ರಮೇಣ ದಕ್ಷಿಣದವರ ನೆಲೆಯಾಯಿತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿ ಮನೆಮಾಡಿತು. 1942ರಲ್ಲಿ ಅಲ್ಲಿನ ನಿಲ್ದಾಣದ ಬಳಿ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಊಟಕ್ಕೆ ಎಲೆ ಹಾಕಿತು. ಅನ್ನವೂ ಕನ್ನಡವೂ ಒಂದೆಡೆ ದೊರೆಯುವಲ್ಲಿ ಒಂಟಿಯಾದವನ ಬಿಡಾರವೂ ನೆಲೆಗೊಳ್ಳುವುದು ಸಹಜ.

ಹೀಗೆ ಕೇರಿಯನ್ನು ಆರಿಸಿಕೊಡುತ್ತಿದ್ದುದು ಪರಿಚಯ. ಊರಿನ ಹಿರಿಯರೊಬ್ಬರು ಕೊಟ್ಟ ಚೀಟಿ, ದೂರದ ಸೋದರಮಾವನ ವಿಳಾಸ, ಮೊದಲೇ ಹೋಗಿದ್ದ ಸಹಪಾಠಿಯ ಕೊಠಡಿಯ ಮೂಲೆ, ಇವೇ ನಗರದ ಬಾಗಿಲನ್ನು ತೆರೆದುವು. ಜ್ವರ ಬಂದರೆ ಗಂಜಿ ಕಾಯಿಸಿಕೊಡುವವರು, ಸಂಬಳ ತಡವಾದರೆ ಕೈಗಡ ಕೊಡುವವರು ಆ ಬಾಗಿಲಿನ ಒಳಗೆ ಇದ್ದರು. ಆ ಉಪಕಾರವನ್ನು ಲಘುವಾಗಿ ಎಣಿಸುವುದು ಕೃತಘ್ನತೆಯಾದೀತು. ಆದರೆ ಪರಿಚಯದ ಬಾಗಿಲು ಬಹುಮಟ್ಟಿಗೆ ಜಾತಿಯ ಬಾಗಿಲೂ ಆಗಿತ್ತೆಂಬುದನ್ನು ಮರೆಯಲಾಗದು. ಚೀಟಿ ಬರೆದುಕೊಡುವವರೇ ಇಲ್ಲದವನ ಗತಿಯೇನು?

ಇದಕ್ಕೆ ಉತ್ತರವನ್ನು ಒಬ್ಬ ಮಹನೀಯರ ಜೀವನವೇ ಹೇಳುತ್ತದೆ. 1917ರಲ್ಲಿ ಡಾಕ್ಟರ್ ಅಂಬೇಡಕರರು ಅಮೆರಿಕದಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗಮಾಡಿ ಹಿಂದಿರುಗಿ, ಬರೋಡಾ ಸಂಸ್ಥಾನದ ಸೇವೆಗೆ ಹೋದರು. ಆಗ ಅವರಿಗೆ 26 ವರ್ಷ. ವಿದ್ಯೆಯಿತ್ತು, ಪದವಿಯಿತ್ತು, ಸಂಬಳವಿತ್ತು. ಇರಲು ಕೊಠಡಿ ಮಾತ್ರ ಇರಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿಯ ಹೆಸರಿನಿಂದ ತಂಗಿದರು. ಕೆಲವೇ ದಿನಗಳಲ್ಲಿ ಗುಟ್ಟು ಬಯಲಾಗಿ, ದೊಣ್ಣೆ ಹಿಡಿದವರ ಗುಂಪು ಬಂದು ಅವರನ್ನು ಹೊರಡಿಸಿತು. ಆಶ್ರಯ ಬೇಡಿದ ಸ್ನೇಹಿತರಿಬ್ಬರೂ ನೆಪ ಹೇಳಿದರು. ರೈಲಿನ ಹೊತ್ತಿನ ವರೆಗೆ ಉದ್ಯಾನದಲ್ಲಿ ಕುಳಿತಿದ್ದು ಅವರು ಮುಂಬಯಿಗೆ ಮರಳಿದರು. ಅಲ್ಲಿ ಅವರು ಅನೇಕ ವರ್ಷ ವಾಸಮಾಡಿದ್ದು ಪರೇಲಿನಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳಿನಲ್ಲಿ. ಖಾಸಗಿಯವರು ಮುಚ್ಚಿದ ಬಾಗಿಲನ್ನು ಸಾರ್ವಜನಿಕ ಸಂಸ್ಥೆಯೊಂದು ತೆರೆದಿತ್ತೆಂಬ ಈ ಅಂಶವು ಗಮನಾರ್ಹ. ಮುಂದೆ ಅವರು ಶೋಷಿತ ವರ್ಗದ ವಿದ್ಯಾರ್ಥಿಗಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆಯಿಸಿದರು. 1929ರಲ್ಲಿ ಧಾರವಾಡದಲ್ಲಿಯೂ ಒಂದು ಆಯಿತು. ಗದಗ ಸೀಮೆಯ ಬಡಹುಡುಗನಿಗೆ ಯಾರ ಚೀಟಿಯೂ ಇಲ್ಲದೆ ಹೋಗಬಹುದಾದ ಸ್ಥಳವೊಂದು ಹೀಗೆ ಹುಟ್ಟಿತು.

ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸಾಲುವಷ್ಟಿರಲಿಲ್ಲ. 1920ರ ದಶಕದಲ್ಲಿ ಮುಂಬಯಿಯ ಡೆವಲಪ್‌ಮೆಂಟ್ ಇಲಾಖೆಯವರು ವರಳಿ, ನಾಯಗಾಂವ, ಶಿವಡಿ, ಡಿಲೈಲ್ ರಸ್ತೆಗಳಲ್ಲಿ 207 ಚಾಳುಗಳನ್ನು ಕಟ್ಟಿದರು. ಒಂದೊಂದರಲ್ಲಿ 80 ಕೊಠಡಿ; ಕೊಠಡಿಯೊಂದಕ್ಕೆ ಸುಮಾರು 160 ಚದರ ಅಡಿ. ಅನಂತರ 1947ರಲ್ಲಿ ಬಾಡಿಗೆ ನಿಯಂತ್ರಣದ ಕಾಯಿದೆ ಬಂದಿತು. ಸಾಮಾನ್ಯವಾಗಿ 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಅದು ಪ್ರಮಾಣವಾಗಿ ಇಟ್ಟಿತು. ಒಳಗೆ ಇದ್ದವರಿಗೆ ಇದರಿಂದ ರಕ್ಷಣೆಯಾಯಿತು. ಹೊರಗಿನಿಂದ ಬಂದವನಿಗೆ ಕಷ್ಟ ಹೆಚ್ಚಿತು. ಬಾಡಿಗೆ ಏರದ ಮನೆಯನ್ನು ಬಿಟ್ಟು ಹೋಗುವವರು ಯಾರು? ಖಾಲಿಯಾದ ಕೊಠಡಿಗೆ ಪಗಡಿಯೆಂಬ ದೊಡ್ಡ ಮೊತ್ತವನ್ನು ಮೊದಲೇ ತೆರಬೇಕಾಯಿತು. ದಯೆಯಿಂದ ಮಾಡಿದ ಕಾಯಿದೆಯೂ ಹೊಸಬನನ್ನು ಮರೆತರೆ ಹೀಗಾಗುತ್ತದೆ.

ಇಷ್ಟರಲ್ಲಿ ದೇಶದ ನಕ್ಷೆಯೇ ಬದಲಾಯಿತು. 1948ರಲ್ಲಿ ಮಿರಜ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರ ನವೆಂಬರ್ 1ರಂದು ಈ ಊರುಗಳೆಲ್ಲವೂ ಮೈಸೂರು ರಾಜ್ಯಕ್ಕೆ ಬಂದುವು. ತಂದೆಯು ಮುಂಬಯಿಗೆ ಹೋಗಿದ್ದರೆ ಮಗನು ಬೆಂಗಳೂರಿಗೆ ಹೊರಟನು. ಕೊಠಡಿಯನ್ನು ಈಗ ಕನ್ನಡದಲ್ಲಿ ಕೇಳಬಹುದಾಗಿತ್ತು. ಆದರೆ ಅವನ ಕನ್ನಡವನ್ನು ಕೇಳಿದೊಡನೆ ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆ ಬರುತ್ತಿತ್ತು.

ಬೆಂಗಳೂರಿನ ಬಡಾವಣೆಗಳಿಗೂ ಪ್ಲೇಗಿನ ನಂಟು ಉಂಟು. 1898ರಲ್ಲಿ ಆ ಮಾರಿ ಪೇಟೆಯ ಓಣಿಗಳನ್ನು ಹೊಕ್ಕಾಗ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ರೂಪುಗೊಳ್ಳುತ್ತಿದ್ದುವು. ಅವು ಸಂಸಾರಸ್ಥರ ಬಡಾವಣೆಗಳು. ಒಂಟಿಯಾದವನಿಗೆ ದೊರೆಯುತ್ತಿದ್ದುದು ಹಿತ್ತಿಲ ಕೋಣೆ ಅಥವಾ ಮಾಳಿಗೆಯ ಮೇಲಿನ ಒಂದು ಕೊಠಡಿ. ಅದಕ್ಕೂ ರಾತ್ರಿ ಇಷ್ಟು ಹೊತ್ತಿಗೆ ಬರಬೇಕೆಂಬ ಕಟ್ಟಳೆ. ಉತ್ತರದ ತರುಣನು ಮೊದಲು ರೈಲುನಿಲ್ದಾಣದ ಸಮೀಪದ ಗಾಂಧಿನಗರದಲ್ಲಿ ಇಳಿದು, ಅಲ್ಲಿಂದ ರಾಜಾಜಿನಗರ, ವಿಜಯನಗರಗಳ ಕಡೆಗೆ ಸರಿದನು. ಅವನ ಹಿಂದೆಯೇ ಜೋಳದ ರೊಟ್ಟಿಯ ಖಾನಾವಳಿಯೂ ಬಂದಿತು. ಮಾಟುಂಗಾದಲ್ಲಿ ನಾವು ಕಂಡ ಕ್ರಮವೇ ಇಲ್ಲಿಯೂ.

1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯು ನಗರದ ದಕ್ಷಿಣದ ಅಂಚಿನಲ್ಲಿ ತಲೆಯೆತ್ತಿದ ಬಳಿಕ ಲೆಕ್ಕ ಬೇರೆಯಾಯಿತು. ಕಚೇರಿಯ ಬಳಿ ಇದ್ದರೆ ಸಮಯ ಉಳಿಯುತ್ತದೆ, ಬಳಗ ದೂರವಾಗುತ್ತದೆ. ಬಳಗದ ಬಳಿ ಇದ್ದರೆ ದಾರಿಯಲ್ಲೇ ಆಯುಷ್ಯ ಸವೆಯುತ್ತದೆ. 2011ರಲ್ಲಿ ಆರಂಭವಾದ ಮೆಟ್ರೋ ರೈಲು 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮಾರ್ಗವಾಗಿ ಬೊಮ್ಮಸಂದ್ರವನ್ನು ಮುಟ್ಟಿ, ಈ ಕಟ್ಟನ್ನು ಕೊಂಚ ಸಡಿಲಿಸಿದೆ. ಈಗ ನೌಕರಿಗಾಗಿ ಬರುವವರಲ್ಲಿ ತರುಣಿಯರೂ ಅನೇಕರು. ಅವರ ಮಟ್ಟಿಗೆ ಬೀದಿದೀಪ, ನಿಲ್ದಾಣದಿಂದ ಬಾಗಿಲಿನವರೆಗಿನ ಹೆಜ್ಜೆಗಳ ಎಣಿಕೆ, ಇವು ಬಾಡಿಗೆಯಷ್ಟೇ ಮುಖ್ಯ. ಉದ್ಯೋಗಸ್ಥ ಮಹಿಳೆಯರ ವಸತಿನಿಲಯಗಳಿಗಾಗಿ ಕೇಂದ್ರ ಸರ್ಕಾರವು 1972-73ರಲ್ಲಿಯೇ ಯೋಜನೆ ಮಾಡಿತ್ತು.

ಈ ವೃತ್ತಾಂತದಿಂದ ನಮಗೆ ತಿಳಿಯುವುದೇನು? ಬಡಾವಣೆಯ ಆಯ್ಕೆಯೆಂಬುದು ತರುಣನ ಅಭಿರುಚಿಯೊಂದನ್ನೇ ಅವಲಂಬಿಸಿದುದಲ್ಲ. ನಗರವು ಎಷ್ಟು ಬಾಗಿಲುಗಳನ್ನು ತೆರೆದಿಟ್ಟಿದೆಯೋ ಅಷ್ಟೇ ಅವನ ಸ್ವಾತಂತ್ರ್ಯ. ಪರಿಚಯವು ಕೆಲವರಿಗೆ ಬಾಗಿಲು ತೆರೆಯುತ್ತದೆ. ರೈಲು, ವಿದ್ಯಾರ್ಥಿನಿಲಯ, ನ್ಯಾಯವಾದ ಬಾಡಿಗೆಯ ಕಟ್ಟಳೆ, ಇವು ಎಲ್ಲರಿಗೂ ತೆರೆಯುತ್ತವೆ. ಹಾಗೆಂದು ನಮ್ಮ ಕರ್ತವ್ಯವನ್ನೆಲ್ಲ ಸರ್ಕಾರದ ಮೇಲೆ ಹೊರಿಸಿ ಸುಮ್ಮನಿರುವಂತಿಲ್ಲ. ಮನೆಯ ಮುಂದೆ ‘ಬಾಡಿಗೆಗೆ ಇದೆ’ ಎಂಬ ಹಲಗೆ ತೂಗಿಸುವವರು ನಾವೇ. ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಬಂದ ತರುಣನು ಆ ಹಲಗೆಯನ್ನು ನೋಡಿ ಬಾಗಿಲು ತಟ್ಟಿದಾಗ, ಅವನ ಹೆಸರಿನ ಹಿಂದುಮುಂದನ್ನು ವಿಚಾರಿಸುವ ಮೊದಲು ಒಳಗೆ ಕರೆದು ಒಂದು ಲೋಟ ನೀರು ಕೊಡುವೆವಾದರೆ, 1917ರಲ್ಲಿ ಉದ್ಯಾನದಲ್ಲಿ ಕುಳಿತಿದ್ದ ಆ ವಿದ್ವಾಂಸರಿಗೆ ಸಲ್ಲಬೇಕಾಗಿದ್ದ ಋಣದಲ್ಲಿ ಅಲ್ಪಭಾಗವಾದರೂ ಸಂದಂತಾಗುವುದು.