ದಮ್ಮಿನ ಲೆಕ್ಕ

ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಕಬಡ್ಡಿ ನಡೆಯುವಾಗ ಗೆರೆಯಾಚೆ ನಿಂತವರು ಕೂಗುವ ಒಂದು ಮಾತಿದೆ: ‘ದಮ್ಮಿದ್ರೆ ಬಾರೋ!’ ಈ ದಮ್ಮು ಫಾರಸಿಯಿಂದ ಬಂದ ಪದ. ಅಲ್ಲಿ ‘ದಮ್’ ಎಂದರೆ ಉಸಿರು. ನಮ್ಮಲ್ಲಿ ಅದು ಧೈರ್ಯವೂ ಆಯಿತು, ಬೀಡಿಯ ಒಂದು ಎಳೆತವೂ ಆಯಿತು, ಉಬ್ಬಸದ ಕಾಯಿಲೆಯೂ ಆಯಿತು. ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಬೇಯಿಸುವ ಬಿರಿಯಾನಿಯ ದಮ್ಮೂ ಅದೇ. ಗರಡಿ ಮನೆಯ ಪೈಲ್ವಾನ, ಉಸ್ತಾದ ಎಂಬ ಪದಗಳೂ ಅದೇ ದಾರಿಯಲ್ಲಿ ಬಂದು ಮಂಡ್ಯದ ಮಣ್ಣಿನಲ್ಲಿ ಬೆರೆತುಹೋದವು.

ಅಗಲವಾದ ಎದೆ ಇದ್ದವನಿಗೆ ದಮ್ಮು ಹೆಚ್ಚು ಎಂಬುದು ನಮ್ಮ ಹಳೆಯ ನಂಬಿಕೆ. ಪೊಲೀಸ್ ನೇಮಕಾತಿಗೆ ಹೋದ ಹುಡುಗ ಉಸಿರೆಳೆದು ಎದೆಯನ್ನು 5 ಸೆಂಟಿಮೀಟರ್ ಹಿಗ್ಗಿಸಿ ತೋರಿಸಬೇಕಾಗುವುದೂ ಇದೇ ನಂಬಿಕೆಯ ಸರಕಾರಿ ರೂಪ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಗಟ್ಟಿಮುಟ್ಟಾದ ಆಳುಗಳೂ ವೆಂಟಿಲೇಟರಿನ ಮೇಲೆ ಮಲಗಿದಾಗ ಈ ನಂಬಿಕೆ ಜೀವನ್ಮರಣದ ಪ್ರಶ್ನೆಯಾಯಿತು. ದೊಡ್ಡ ಮೈಯವನಿಗೆ ಯಂತ್ರ ಹೆಚ್ಚು ಗಾಳಿ ಊದಬೇಕಲ್ಲವೇ? ಸಹಜವಾಗಿ ಬರುವ ಯೋಚನೆ. ಆದರೆ ತಪ್ಪು ಯೋಚನೆ.

ಉಸಿರನ್ನು ಮೊದಲು ಕ್ರಮಬದ್ಧವಾಗಿ ಅಳೆದವನು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್. 1846ರಲ್ಲಿ ಆತ ಪ್ರಕಟಿಸಿದ ವರದಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವಿತ್ತು: ನಾವಿಕರು, ಪೊಲೀಸರು, ಸಿಪಾಯಿಗಳು, ಅಚ್ಚುಮೊಳೆ ಜೋಡಿಸುವವರು, ಭಿಕಾರಿಗಳು, ಜಟ್ಟಿಗಳು, ದೈತ್ಯರು, ಕುಬ್ಜರು. ಪೂರ್ತಿ ಉಸಿರೆಳೆದು ತನ್ನ ಯಂತ್ರಕ್ಕೆ ಊದಿರೆಂದು ಎಲ್ಲರಿಗೂ ಹೇಳಿದ. ಅವನಿಗೆ ಕಂಡದ್ದು ಇಷ್ಟು: ಎತ್ತರ ಒಂದು ಅಂಗುಲ ಹೆಚ್ಚಿದರೆ ಊದುವ ಗಾಳಿ ಸುಮಾರು 8 ಘನ ಅಂಗುಲ ಹೆಚ್ಚುತ್ತದೆ. ಎದೆಯ ಸುತ್ತಳತೆಗೂ ಅದಕ್ಕೂ ಅಂತಹ ನಂಟಿಲ್ಲ.

ಅವನ ಬಳಿ ಬಂದವರಲ್ಲಿ ಫ್ರೀಮನ್ ಎಂಬ ಅಮೆರಿಕದ ಮುಷ್ಟಿಮಲ್ಲನೂ ಇದ್ದ. ಏಳು ಅಡಿಗೆ ತುಸುವೇ ಕಡಿಮೆ ಎತ್ತರ. 1842ರಲ್ಲಿ ಆತ ಊದಿದ್ದು 434 ಘನ ಅಂಗುಲ, ಅಂದರೆ ಏಳು ಲೀಟರಿಗೂ ಮಿಗಿಲು. ಸಾಮಾನ್ಯ ಗಂಡಸಿನದು ನಾಲ್ಕರಿಂದ ಐದು ಲೀಟರ್. ಎರಡು ವರ್ಷದ ನಂತರ ಊದಿಸಿದಾಗ ಅಳತೆ ಬಹಳ ಇಳಿದಿತ್ತು. 1845ರಲ್ಲಿ ಫ್ರೀಮನ್ ಕ್ಷಯದಿಂದ ತೀರಿಕೊಂಡ. ಅಷ್ಟು ದೊಡ್ಡ ಎದೆಯೊಳಗೆ ಏನು ನಡೆಯುತ್ತಿದೆಯೆಂಬುದನ್ನು ಹೊರಗಿನ ಮೈಕಟ್ಟು ಹೇಳಲಿಲ್ಲ.

ಹಾಗಾದರೆ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ ಬೆವರು ಸುರಿಸುವವನಿಗೆ ಸಿಗುವುದೇನು? ಅವನ ಶ್ವಾಸಕೋಶ ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಈಜುಗಾರರಲ್ಲಿ ಮಾತ್ರ ಅದು ಸ್ವಲ್ಪ ದೊಡ್ಡದಾಗಿರುವುದು ಕಂಡುಬಂದಿದೆ. ಬೆಳೆಯುವುದು ಹೃದಯ. ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಹಾದು ಎಡಭಾಗಕ್ಕೆ ಬರುತ್ತದೆಂದು 1242ರಲ್ಲೇ ಬರೆದವರು ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್-ನಫೀಸ್. ಯುರೋಪಿಗಿಂತ ಮೂರು ಶತಮಾನ ಮೊದಲು. ವ್ಯಾಯಾಮ ಹಿಗ್ಗಿಸುವುದು ಈ ಹರಿವನ್ನು. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಾಳಿಯ ಅಂಗಳಕ್ಕೆ ನುಗ್ಗುವವನ ಗುಟ್ಟೂ ಗಾಳಿಯ ಚೀಲದ ಗಾತ್ರವೊಂದೇ ಅಲ್ಲ. ಉಸಿರು ಕಟ್ಟಿದಾಗ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡನ್ನು ತಾಳಿಕೊಳ್ಳುವ ಅಭ್ಯಾಸವೂ ಅದರಲ್ಲಿದೆ.

ಇನ್ನು ಯಂತ್ರದ ಕಥೆ. ಉಸಿರು ಸಿಕ್ಕಿಕೊಂಡವರ ಗಂಟಲಿಗೆ ಚಿನ್ನ ಅಥವಾ ಬೆಳ್ಳಿಯ ನಳಿಕೆ ಇಳಿಸುವ ಮಾತು ಇಬ್ನ್ ಸೀನಾರ ‘ಅಲ್ ಕಾನೂನ್’ ಗ್ರಂಥದಲ್ಲಿಯೇ ಇದೆ. ಆದರೆ ಈಗಿನ ವೆಂಟಿಲೇಟರಿನ ಚರಿತ್ರೆ ಶುರುವಾಗುವುದು 1952ರ ಕೋಪನ್‌ಹೇಗನ್‌ನಲ್ಲಿ. ಪೋಲಿಯೊ ಹಬ್ಬಿತ್ತು. ಮೊದಲ ಮೂರು ವಾರದಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿದ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗಸ್ಟ್ ಕೊನೆಯಲ್ಲಿ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ನಳಿಕೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಊದಿದ. ಅವಳು ಬದುಕಿದಳು. ಮುಂದೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಗಳ ಪಕ್ಕ ಕುಳಿತು ತಿಂಗಳುಗಟ್ಟಲೆ ಚೀಲ ಹಿಸುಕಿದರು. ಎಷ್ಟು ಗಾಳಿ ಬೇಕೆಂಬುದನ್ನು ಕೈ ಅರಿಯುತ್ತಿತ್ತು, ಸಾಲದಿದ್ದರೆ ರೋಗಿಯ ಕಣ್ಣು ಹೇಳುತ್ತಿತ್ತು.

ಯಂತ್ರಕ್ಕೆ ಕಣ್ಣೂ ಇಲ್ಲ, ಕೈಯೂ ಇಲ್ಲ. ಅದಕ್ಕೊಂದು ಅಂಕಿ ಕೊಡಬೇಕು. ಬಹುಕಾಲ ವೈದ್ಯರು ಕೈಬಿಚ್ಚಿಯೇ ಕೊಟ್ಟರು. ನಾವು ಉಸಿರಾಡುವಾಗ ಎದೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಯಂತ್ರವಾದರೋ ಒತ್ತಿ ನೂಕುತ್ತದೆ. ಕಾಯಿಲೆಯಾದ ಶ್ವಾಸಕೋಶದ ಬಹುಭಾಗದಲ್ಲಿ ನೀರು ತುಂಬಿ, ತೆರೆದಿರುವುದು ಚಿಕ್ಕ ಭಾಗ ಮಾತ್ರ. ಇಟಲಿಯ ವೈದ್ಯ ಗಟಿನೋನಿ ಅದನ್ನು ಮಗುವಿನ ಶ್ವಾಸಕೋಶವೆಂದು ಕರೆದರು. ಜಟ್ಟಿಯ ಎದೆಯೊಳಗೂ ಆ ಹೊತ್ತಿಗೆ ಉಳಿದಿರುವುದು ಐದಾರು ವರ್ಷದ ಮಗುವಿನಷ್ಟೇ ಜಾಗ. ಅದಕ್ಕೆ ಪೈಲ್ವಾನನ ಪಾಲಿನ ಗಾಳಿ ನೂಕಿದರೆ ಅದು ಹರಿಯುತ್ತದೆ.

2000ದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎತ್ತರದಿಂದ ಲೆಕ್ಕ ಹಾಕಿದ ತೂಕಕ್ಕೆ ಕಿಲೋಗೆ 12 ಮಿಲಿಲೀಟರಿನಂತೆ ಗಾಳಿ ಪಡೆದವರಲ್ಲಿ ಶೇ. 39.8 ಮಂದಿ ಸತ್ತರು. 6 ಮಿಲಿಲೀಟರಿನಂತೆ ಪಡೆದವರಲ್ಲಿ ಸತ್ತವರು ಶೇ. 31. ಗಮನಿಸಿ, ತಕ್ಕಡಿ ತೋರಿಸುವ ತೂಕವಲ್ಲ, ಎತ್ತರದಿಂದ ಬಂದ ತೂಕ. 165 ಸೆಂಟಿಮೀಟರ್ ಎತ್ತರದ, 100 ಕಿಲೋ ತೂಗುವ ಪೈಲ್ವಾನನೊಬ್ಬನನ್ನು ಊಹಿಸಿಕೊಳ್ಳಿ. ಅವನ ಲೆಕ್ಕದ ತೂಕ ಸುಮಾರು 61 ಕಿಲೋ, ಒಂದು ಉಸಿರಿಗೆ ಗಾಳಿ ಸುಮಾರು 370 ಮಿಲಿಲೀಟರ್. ಪಕ್ಕದ ಹಾಸಿಗೆಯಲ್ಲಿ 180 ಸೆಂಟಿಮೀಟರ್ ಎತ್ತರದ, 60 ಕಿಲೋದ ಸಣಕಲು ಕಬಡ್ಡಿ ಆಟಗಾರ ಇದ್ದರೆ ಅವನಿಗೆ 450. ತಕ್ಕಡಿಯನ್ನು ನಂಬಿದರೆ ಪೈಲ್ವಾನನಿಗೆ 600 ನೂಕಿಬಿಡುತ್ತೇವೆ!

ಉಸಿರಿನ ಅಳತೆಗೆ ಇನ್ನೊಂದು ಕಳಂಕವೂ ಅಂಟಿತ್ತು. ಹಚಿನ್ಸನ್ನನ ಯಂತ್ರವನ್ನೇ ಹಿಡಿದು ಅಮೆರಿಕದ ಕಾರ್ಟ್‌ರೈಟ್ ಎಂಬ ವೈದ್ಯ, ಕರಿಯರ ಶ್ವಾಸಕೋಶ ಚಿಕ್ಕದು, ಗುಲಾಮಗಿರಿಯ ದುಡಿಮೆಯೇ ಅವರಿಗೆ ಆರೋಗ್ಯ ಎಂದು ವಾದಿಸಿದ. ಜನಾಂಗಕ್ಕೆ ತಕ್ಕಂತೆ ಅಂಕಿ ಕಡಿತ ಮಾಡುವ ಪದ್ಧತಿ ಆಸ್ಪತ್ರೆಯ ಯಂತ್ರಗಳಲ್ಲಿ ಬಹುಕಾಲ ಉಳಿಯಿತು. ಅದನ್ನು ಕೈಬಿಡುವಂತೆ ಅಮೆರಿಕದ ಶ್ವಾಸಕೋಶ ತಜ್ಞರ ಸಂಘ ಸಲಹೆ ಕೊಟ್ಟದ್ದು 2023ರಲ್ಲಿ.

ಗರಡಿಯವರು ಒಪ್ಪುವ ಸಂಗತಿಯೊಂದಿದೆ: ಬಳಸದ ಸ್ನಾಯು ನಿಲ್ಲುವುದಿಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಯಂತ್ರವೇ ಉಸಿರಾಡಿಸಿದಾಗ 18ರಿಂದ 69 ಗಂಟೆಯೊಳಗೆ ವಪೆಯ ಸ್ನಾಯುತಂತುಗಳು ಅರ್ಧಕ್ಕಿಂತ ಹೆಚ್ಚು ಸೊರಗಿದ್ದವು. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರೆಳೆಯುವ ಮುಖ್ಯ ಸ್ನಾಯು. ವರ್ಷಗಟ್ಟಲೆ ಸಾಮು ಮಾಡಿ ಬೆಳೆಸಿದ್ದು ಮೂರು ದಿನದಲ್ಲಿ ಕರಗಬಲ್ಲದು. ಆದ್ದರಿಂದಲೇ ವೈದ್ಯರು ಯಂತ್ರವನ್ನು ಬೇಗ ಬಿಡಿಸಲು, ರೋಗಿ ತಾನೇ ಒಂದಿಷ್ಟು ಉಸಿರೆಳೆಯುವಂತೆ ಮಾಡಲು ಹೆಣಗುತ್ತಾರೆ.

2020ರಲ್ಲಿ ದೇಶಕ್ಕೆ ಬೇಕಾದ 30,000 ವೆಂಟಿಲೇಟರುಗಳನ್ನು ತಯಾರಿಸುವ ಹೊಣೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ ಬಂದಾಗ ಅದರ ಜೊತೆಗೆ ಕೈಜೋಡಿಸಿದ್ದು ಮೈಸೂರಿನ ಸ್ಕ್ಯಾನ್‌ರೇ ಕಂಪನಿ. ಈ ಎರಡು ಊರುಗಳ ನಡುವಿನ ಹೆದ್ದಾರಿಯಲ್ಲೇ ಮದ್ದೂರು, ಮಂಡ್ಯ ಇರುವುದು. ಯಂತ್ರ ನಮ್ಮ ಮಗ್ಗುಲಲ್ಲೇ ತಯಾರಾಯಿತು. ಅದಕ್ಕೆ ಕೊಡಬೇಕಾದ ಅಂಕಿಗೆ ಬೇಕಾಗುವುದು ದರ್ಜಿಯ ಬಳಿ ಇರುವಂತಹ ಒಂದು ಅಳತೆ ಟೇಪು. ಪ್ರಜ್ಞೆ ತಪ್ಪಿ ಮಲಗಿದವನನ್ನು ಎದ್ದು ನಿಲ್ಲಿಸಲಾಗದು. ಹಾಸಿಗೆಯ ಪಕ್ಕದಲ್ಲೇ ಟೇಪು ಹಿಡಿದು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆಯುತ್ತಾರೆ. ಕಾಲು ನೇರ ಚಾಚಲಾಗದಿದ್ದರೆ ಮುಂಗೈ ಮೂಳೆಯ ಉದ್ದದಿಂದ ಎತ್ತರವನ್ನು ಅಂದಾಜು ಮಾಡುತ್ತಾರೆ.